ಹಿಂಬದಿಯ ಗೋಡೆಯ ಕಿಂಡಿ

ಗಲ್ಲಾದ ಲೆಕ್ಕ ಮುಗಿದು, ಕೊನೆಯ ಪಾತ್ರೆ ತೊಳೆದಿಟ್ಟ ಮೇಲೆ, ಬೆವರಿಗೆ ತೊಯ್ದ ಬನಿಯನ್ನು ಬದಲಿಸಿ ರಾತ್ರಿಯ ಕೊನೆಯ ಆಟಕ್ಕೆ ಓಡುವ ಅಭ್ಯಾಸ ನಮ್ಮ ಹೊಟೇಲು ಬಂಧುಗಳಲ್ಲಿ ಹಲವರಿಗುಂಟು. ಕಚೇರಿಯ ಗುಮಾಸ್ತ ಮಿತ್ರರೂ ಶನಿವಾರದ ಸಂಜೆ ಅದೇ ಸಾಲಿನಲ್ಲಿ ಬಂದು ನಿಲ್ಲುವುದುಂಟು. ಒಳಗೆ ಕುಳಿತ ಮೇಲೆ ಎಲ್ಲರ ದೃಷ್ಟಿಯೂ ಮುಂದಿನ ಬಿಳಿಯ ಪರದೆಯ ಮೇಲೆಯೇ. ಒಮ್ಮೆ ಕತ್ತು ತಿರುಗಿಸಿ ಹಿಂದಕ್ಕೆ ನೋಡಿದರೆ, ತಲೆಗಳ ಮೇಲುಗಡೆ, ಹಿಂಬದಿಯ ಗೋಡೆಯಲ್ಲಿ ಒಂದು ಚಿಕ್ಕ ಕಿಂಡಿ ಕಾಣಿಸುತ್ತದೆ. ಅದರೊಳಗಿಂದ ಧೂಳಿನ ಕಣಗಳನ್ನು ಕುಣಿಸುತ್ತಾ ಬೆಳಕಿನ ಕೋಲೊಂದು ಹೊರಟು ಬರುತ್ತದೆ. ಆ ಯಂತ್ರವನ್ನೂ ಅದನ್ನು ನಡೆಸುವವನನ್ನೂ ಗೋಡೆ ಕಟ್ಟಿ ಬೇರೆ ಕೋಣೆಯಲ್ಲಿ ಏಕೆ ಕೂಡಿಹಾಕಿದರೆಂದು ಎಂದಾದರೂ ವಿಚಾರಿಸಿದ್ದೀರಾ? ಯಂತ್ರದ ಸದ್ದು ಕೇಳಬಾರದೆಂದು ಎನ್ನುವಿರಿ. ಅದು ಅರ್ಧ ಉತ್ತರ. ಮಿಕ್ಕ ಅರ್ಧಕ್ಕೆ ಮುನ್ನೂರೈವತ್ತು ವರ್ಷಗಳಿಗೂ ಹಿಂದಿನಿಂದ ಕಥೆಯನ್ನು ಎತ್ತಿಕೊಳ್ಳಬೇಕಾಗುತ್ತದೆ. ಅದು ಚಿತ್ರದ ಕಥೆ ಎನ್ನುವುದಕ್ಕಿಂತಲೂ ದೀಪದ ಕಥೆ.

ಊರ ಕಡೆ ತೊಗಲುಗೊಂಬೆಯಾಟವನ್ನು ಕಂಡವರು ನಮ್ಮ ವಾಚಕರಲ್ಲಿ ಇದ್ದೇ ಇದ್ದಾರೆ. ಬಿಳಿಯ ಪಂಚೆಯೊಂದನ್ನು ಬಿಗಿದು ಕಟ್ಟಿ, ಅದರ ಹಿಂದೆ ಎಣ್ಣೆಯ ದೀಪವನ್ನಿಟ್ಟು, ಬಣ್ಣದ ತೊಗಲಿನ ರಾವಣನನ್ನು ಬಟ್ಟೆಗೆ ಒತ್ತಿ ಹಿಡಿದು ಕುಣಿಸುವ ಆಟ ಅದು. ಅಲ್ಲಿಯೂ ದೀಪವುಂಟು, ಪರದೆಯುಂಟು, ಬೆಳಕನ್ನು ಹಾಯಗೊಡುವ ಬಣ್ಣವುಂಟು. ಆದರೆ ಗೊಂಬೆ ಎಷ್ಟು ಎತ್ತರವೋ ರಾವಣನೂ ಅಷ್ಟೇ ಎತ್ತರ. ಬಟ್ಟೆಯಿಂದ ಗೊಂಬೆಯನ್ನು ಹಿಂದಕ್ಕೆ ಸರಿಸಿದರೆ ರೂಪ ಹಿಗ್ಗುವುದೇನೋ ಸರಿ, ಅಂಚುಗಳು ಮಸುಕಾಗಿ ಕಲಸಿಹೋಗುತ್ತವೆ. ಬೆರಳಗಲದ ಚಿತ್ರವನ್ನು ಆಳೆತ್ತರಕ್ಕೆ ಬೆಳೆಸಬೇಕು, ಆದರೂ ಅದರ ಕಣ್ಣುರೆಪ್ಪೆ ತಿಳಿಯಾಗಿ ಕಾಣಬೇಕು ಎಂದರೆ ದೀಪದೊಡನೆ ಭೂತಗನ್ನಡಿಯೂ, ಅಂದರೆ ಮಸೂರವೂ, ಸೇರಬೇಕು. ಈ ಎರಡನ್ನೂ ಒಂದು ಪೆಟ್ಟಿಗೆಯಲ್ಲಿ ಸೇರಿಸಿದಾಗ ಹುಟ್ಟಿದ್ದೇ ಮಾಯಾದೀಪ.

ಅದರ ರಚನೆ ಸರಳವಾದುದು. ತಗಡಿನ ಪೆಟ್ಟಿಗೆಯೊಳಗೆ ಒಂದು ದೀಪ. ಅದರ ಬೆನ್ನಿಗೆ ತಗ್ಗಾದ ಕನ್ನಡಿ, ಹಿಂದಕ್ಕೆ ಹೋಗಿ ವ್ಯರ್ಥವಾಗುವ ಬೆಳಕನ್ನು ಅದು ಮುಂದಕ್ಕೆ ಅಟ್ಟುತ್ತದೆ. ದೀಪದ ಮುಂದೆ ದಪ್ಪನಾದ ಮಸೂರ, ಚದರಿದ ಕಿರಣಗಳನ್ನು ಒಟ್ಟುಗೂಡಿಸುವುದಕ್ಕೆ. ಆಮೇಲೆ ಬಣ್ಣದಲ್ಲಿ ಚಿತ್ರ ಬರೆದ ಗಾಜಿನ ಹಲಗೆ. ಅದರ ಮುಂದೆ ಕೊಳವೆಯಲ್ಲಿ ಕೂಡಿಸಿದ ಇನ್ನೊಂದು ಮಸೂರ. ಕಿರಣಗಳು ಈ ಮಸೂರದಲ್ಲಿ ಒಂದನ್ನೊಂದು ದಾಟಿ ಹೋಗುವುದರಿಂದ ಮೇಲಿನದು ಕೆಳಗಾಗಿ ಬೀಳುತ್ತದೆ. ಆದುದರಿಂದ ಗಾಜಿನ ಹಲಗೆಯನ್ನು ಪೆಟ್ಟಿಗೆಯಲ್ಲಿ ತಲೆಕೆಳಗಾಗಿ ಇಡತಕ್ಕದ್ದು. ಇಷ್ಟೇ ಯಂತ್ರ. ತೊಂದರೆಯೆಲ್ಲ ಬೆಳಕಿನದು. ಮೂರಡಿ ಅಗಲದ ಚಿತ್ರವನ್ನು ಆರಡಿಗೆ ಹಿಗ್ಗಿಸಿದರೆ ಇದ್ದ ಬೆಳಕೇ ನಾಲ್ಕು ಪಟ್ಟು ಬಟ್ಟೆಯ ಮೇಲೆ ಹರಡಬೇಕು. ನಾಲ್ಕು ಜನರ ಸಾರಿಗೆ ನೀರು ಬೆರೆಸಿ ಹದಿನಾರು ಮಂದಿಗೆ ಬಡಿಸಿದ ಹಾಗೆ! ನೋಡುವವರು ಹೆಚ್ಚಿದಂತೆ ಪರದೆ ದೊಡ್ಡದಾಗಬೇಕು, ಪರದೆ ದೊಡ್ಡದಾದಂತೆ ದೀಪ ಪ್ರಖರವಾಗಬೇಕು. ಮುಂದಿನ ಎರಡೂವರೆ ಶತಮಾನಗಳ ಉದ್ದಕ್ಕೂ ಈ ಯಂತ್ರವನ್ನು ಕಾಡಿದ್ದು ಇದೊಂದೇ ಹಸಿವು.

ಈ ಪೆಟ್ಟಿಗೆಯನ್ನು ಮೊದಲು ಮಾಡಿದವನು ಹಾಲೆಂಡಿನ ವಿಜ್ಞಾನಿ ಕ್ರಿಶ್ಚಿಯಾನ್ ಹೈಗನ್ಸ್ ಎಂದು ಇತಿಹಾಸಜ್ಞರು ಸಾಮಾನ್ಯವಾಗಿ ಒಪ್ಪುತ್ತಾರೆ. ಶನಿಗ್ರಹದ ಬಳೆಯ ನಿಜರೂಪವನ್ನು ಲೋಕಕ್ಕೆ ತಿಳಿಸಿದವನೂ, ಲೋಲಕದ ಗಡಿಯಾರವನ್ನು ರಚಿಸಿದವನೂ ಇವನೇ. ೧೬೫೯ರಲ್ಲಿ ಅವನು ಬರೆದಿಟ್ಟ ಕೆಲವು ಚಿತ್ರಗಳು ಈಗಲೂ ಉಳಿದಿವೆ: ಒಂದು ಅಸ್ಥಿಪಂಜರ ತನ್ನ ತಲೆಬುರುಡೆಯನ್ನು ತಾನೇ ಕಿತ್ತು ಕೈಯಲ್ಲಿ ಹಿಡಿದು, ಮತ್ತೆ ಕತ್ತಿಗೆ ಕೂಡಿಸಿಕೊಳ್ಳುವ ವಿನೋದ. ಆದರೆ ದೊಡ್ಡ ವಿದ್ವಾಂಸನಿಗೆ ಇದು ಹುಡುಗಾಟಿಕೆಯೆನ್ನಿಸಿ ನಾಚಿಕೆಯಾಯಿತು. ೧೬೬೨ರಲ್ಲಿ ಅವನ ತಂದೆ, ಫ್ರಾನ್ಸಿನ ರಾಜನ ಅರಮನೆಯಲ್ಲಿ ತೋರಿಸಬೇಕು, ಒಂದು ದೀಪವನ್ನು ಮಾಡಿ ಕಳುಹಿಸು ಎಂದು ಕೇಳಿದ. ತಂದೆಯ ಮಾತನ್ನು ಮೀರುವಂತಿಲ್ಲ; ವಿಜ್ಞಾನಿಯಾದ ಮಗ ದೊಂಬರಾಟ ಕಳುಹಿಸಿದನೆಂಬ ಹೆಸರೂ ಬೇಡ. ಆಗ ಅವನು ತಮ್ಮನಿಗೆ ಗುಟ್ಟಾಗಿ ಕಾಗದ ಬರೆದು, ದೀಪ ಬಂದಾಗ ಅದರ ಒಂದು ಮಸೂರವನ್ನು ತೆಗೆದುಬಿಡು, ಕೆಲಸ ಮಾಡದೆ ಹೋಗಲಿ ಎಂದು ಸೂಚಿಸಿದ! ಶೋಧಕನೇ ತನ್ನ ಶೋಧವನ್ನು ಕೆಡಿಸಹೊರಟ ಇಂಥ ಉದಾಹರಣೆ ವಿರಳ.

ಅವನು ನಾಚಿಕೊಂಡದ್ದನ್ನು ಇತರರು ಹೆಗಲ ಮೇಲೆ ಹೊತ್ತುಕೊಂಡು ಹೋದರು. ಥಾಮಸ್ ವಾಲ್ಗೆನ್‌ಸ್ಟೆನ್ ಎಂಬ ಡೆನ್ಮಾರ್ಕಿನ ಗಣಿತಜ್ಞ ೧೬೬೦ರ ದಶಕದಲ್ಲಿ ಯೂರೋಪಿನ ಊರೂರು ತಿರುಗಿ ಇದನ್ನು ತೋರಿಸಿದ. ಮಾಯಾದೀಪವೆಂಬ ಅರ್ಥದ ಲ್ಯಾಟಿನ್ ಹೆಸರೂ ಅವನ ಮೂಲಕವೇ ಪ್ರಚಾರಕ್ಕೆ ಬಂದಿತು. ರೋಮಿನ ಪಾದ್ರಿ ಅಥನೇಸಿಯಸ್ ಕಿರ್ಖರ್ ೧೬೭೧ರಲ್ಲಿ ಮರುಮುದ್ರಣಗೊಂಡ ತನ್ನ ಮಹಾಗ್ರಂಥದಲ್ಲಿ ಇದರ ಚಿತ್ರವನ್ನು ಅಚ್ಚು ಹಾಕಿಸಿದ. ಆ ಚಿತ್ರದಲ್ಲಿ ಗಾಜಿನ ಹಲಗೆ ಮಸೂರದ ಆಚೆಗಿದೆ, ಅದರ ಮೇಲಿನ ರೂಪಗಳು ತಲೆ ಮೇಲಾಗಿಯೇ ನಿಂತಿವೆ. ಹಾಗೆ ಮಾಡಿದ ಯಂತ್ರದಿಂದ ಪರದೆಯ ಮೇಲೆ ಏನೂ ಸರಿಯಾಗಿ ಮೂಡಲಾರದು. ಅಡಿಗೆಯ ಪುಸ್ತಕ ಬರೆದವರೆಲ್ಲರೂ ಒಲೆಯ ಮುಂದೆ ನಿಂತವರಲ್ಲ ಎಂಬುದು ನಮ್ಮವರಿಗೆ ತಿಳಿದ ಸಂಗತಿಯೇ.

ಹೀಗೆ ಹುಟ್ಟಿದಂದಿನಿಂದಲೂ ಈ ದೀಪಕ್ಕೆ ಇಬ್ಬರು ಯಜಮಾನರು. ಒಬ್ಬನು ಇದ್ದುದನ್ನು ಇದ್ದಂತೆ ತೋರಿಸುವ ಪಂಡಿತ, ಇನ್ನೊಬ್ಬನು ಇಲ್ಲದ್ದನ್ನು ಇದ್ದಂತೆ ತೋರಿಸುವ ಆಟಗಾರ. ಎರಡೂ ಒಬ್ಬನಲ್ಲಿಯೇ ಬೆರೆತುದನ್ನು ರಾಬರ್ಟ್‌ಸನ್ ಎಂದು ಹೆಸರಾದ ಎತಿಯೆನ್ ಗಾಸ್ಪಾರ್ ರೋಬೇರನಲ್ಲಿ ಕಾಣಬಹುದು. ಇಂದಿನ ಬೆಲ್ಜಿಯಮಿನ ಲಿಯೇಜ್ ಪಟ್ಟಣದವನಾದ ಇವನು ಭೌತಶಾಸ್ತ್ರವನ್ನು ಬೋಧಿಸಿ ಬಲ್ಲವನು. ಫ್ರಾನ್ಸಿನ ಕ್ರಾಂತಿಯಲ್ಲಿ ತಲೆಗಳು ಉರುಳಿ ಇನ್ನೂ ನೆತ್ತರು ಆರಿರಲಿಲ್ಲ. ೧೭೯೮ರಲ್ಲಿ ಪ್ಯಾರಿಸ್ ನಗರದಲ್ಲಿ ಇವನು ಭೂತಗಳ ಪ್ರದರ್ಶನವನ್ನು ತೆರೆದ. ಮರುವರ್ಷ ಒಂದು ಪಾಳು ಮಠದೊಳಕ್ಕೆ ಅದನ್ನು ಸಾಗಿಸಿದ. ದೀಪದ ಪೆಟ್ಟಿಗೆಗೆ ಚಕ್ರಗಳನ್ನು ಜೋಡಿಸಿ, ಮೇಣ ಹಚ್ಚಿದ ತೆಳುಬಟ್ಟೆಯ ಹಿಂದೆ ನಿಂತು, ಪೆಟ್ಟಿಗೆಯನ್ನು ಸದ್ದಿಲ್ಲದೆ ಹಿಂದಕ್ಕೆ ಎಳೆಯುತ್ತಿದ್ದ. ಚಿತ್ರ ದೊಡ್ಡದಾಗುತ್ತಾ ಬಂದು, ದೆವ್ವವೇ ಸಭೆಯ ಮೇಲೆ ಬೀಳುವಂತೆ ತೋರುತ್ತಿತ್ತು. ಗಾಜಿನ ಹಲಗೆಯಲ್ಲಿ ರೂಪದ ಸುತ್ತಲ ಭಾಗವನ್ನೆಲ್ಲ ಕಪ್ಪು ಬಳಿದಿದ್ದುದರಿಂದ ದೀಪದ ವೃತ್ತ ಕಾಣುತ್ತಿರಲಿಲ್ಲ, ರೂಪವೊಂದೇ ಕತ್ತಲಲ್ಲಿ ತೇಲುತ್ತಿತ್ತು. ತಾನು ಪ್ರೇತಗಳನ್ನು ಎಬ್ಬಿಸುವವನಲ್ಲ, ಇದೆಲ್ಲ ಬೆಳಕಿನ ವಿದ್ಯೆ ಎಂದು ಅವನು ಹೇಳಿಕೊಳ್ಳುತ್ತಿದ್ದ. ಹೇಳಿದರೂ ಜನ ಕಿರುಚುತ್ತಿದ್ದರು. ಟಿಕೇಟು ಕೊಂಡು ಬಂದವರು ಕಿರುಚುವುದಕ್ಕಾಗಿಯೇ ಬಂದಿದ್ದರಲ್ಲವೆ?

ಅತ್ತ ಪಂಡಿತರ ಪಾಲಿಗೆ ಬಹುಕಾಲ ಒಳ್ಳೆಯ ದೀಪವೇ ಇರಲಿಲ್ಲ. ಅವರು ಸೂರ್ಯನನ್ನೇ ದೀಪವನ್ನಾಗಿ ಮಾಡಿಕೊಂಡರು. ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ಬಳಕೆಗೆ ಬಂದ ಸೂರ್ಯಸೂಕ್ಷ್ಮದರ್ಶಕದಲ್ಲಿ, ಕತ್ತಲೆಯ ಕೋಣೆಯ ಕಿಟಕಿಯ ಹೊರಗೆ ಕನ್ನಡಿಯೊಂದನ್ನಿಟ್ಟು ಬಿಸಿಲನ್ನು ಕೊಳವೆಯೊಳಕ್ಕೆ ತಿರುಗಿಸಿ, ಚಿಗಟದ ಕಾಲನ್ನು ಗೋಡೆಯುದ್ದಕ್ಕೆ ಬೆಳೆಸಿ ತೋರಿಸುತ್ತಿದ್ದರು. ಮುಂದೆ ಕ್ರಾಂತಿಯ ನಾಯಕನಾಗಿ ಸ್ನಾನದ ತೊಟ್ಟಿಯಲ್ಲಿ ಇರಿತಕ್ಕೆ ಸತ್ತ ಜಾನ್ ಪೋಲ್ ಮಾರಾ, ಅದಕ್ಕೆ ಮೊದಲು ವೈದ್ಯನೂ ಭೌತಶಾಸ್ತ್ರದ ಹವ್ಯಾಸಿಯೂ ಆಗಿದ್ದ. ೧೭೭೯ರ ಸುಮಾರಿನಲ್ಲಿ ಅವನು ಈ ಯಂತ್ರದಿಂದ, ಕಾದ ವಸ್ತುಗಳಿಂದ ಮೇಲೇಳುವ ಬಿಸಿಗಾಳಿಯ ನೆರಳನ್ನು ಪರದೆಯ ಮೇಲೆ ಬೀಳಿಸಿ ತೋರಿಸಿದ. ನೋಡಬಂದವರಲ್ಲಿ ಅಮೆರಿಕದ ರಾಯಭಾರಿ ಬೆಂಜಮಿನ್ ಫ್ರಾಂಕ್ಲಿನ್ ಒಬ್ಬ. ಕುತೂಹಲಿಯಾದ ಆ ವೃದ್ಧ ತನ್ನ ಬೋಳುತಲೆಯನ್ನೇ ಕಿರಣಕ್ಕೆ ಒಡ್ಡಿದನಂತೆ. ತಲೆಯಿಂದ ಆವಿ ಸುರುಳಿಸುರುಳಿಯಾಗಿ ಏಳುವುದು ಪರದೆಯ ಮೇಲೆ ಕಂಡಿತಂತೆ. ಆದರೆ ಸೂರ್ಯನನ್ನು ನಂಬಿದ ಉಪನ್ಯಾಸಕ್ಕೆ ಮೋಡ ಕವಿದರೆ ಮುಗಿಯಿತು. ಹಗಲಿನಲ್ಲಿ ದುಡಿಯುವ ಜನಕ್ಕೆ ರಾತ್ರಿಯ ಉಪನ್ಯಾಸವೇ ಬೇಕು, ರಾತ್ರಿ ಸೂರ್ಯನಿಲ್ಲ.

ಉತ್ತರ ಸಿಕ್ಕಿದ್ದು ಸುಣ್ಣದಲ್ಲಿ. ಆಮ್ಲಜನಕ ಮತ್ತು ಜಲಜನಕ ಎಂಬ ಎರಡು ಅನಿಲಗಳನ್ನು ಕೂಡಿಸಿ ಉರಿಸಿ, ಆ ಜ್ವಾಲೆಯನ್ನು ಸುಣ್ಣದ ಉರುಳೆಯೊಂದರ ಮೇಲೆ ಹಾಯಿಸಿದರೆ ಸುಣ್ಣ ಕರಗದೆ ಕಣ್ಣು ಕೋರೈಸುವಷ್ಟು ಬೆಳ್ಳಗೆ ಬೆಳಗುತ್ತದೆ. ಬ್ರಿಟಿಷ್ ಸೈನ್ಯದ ಮೋಜಣಿ ಅಧಿಕಾರಿ ಥಾಮಸ್ ಡ್ರಮಂಡ್ ೧೮೨೫ರಲ್ಲಿ ಐರ್ಲೆಂಡಿನ ಬೆಟ್ಟದ ಮೇಲೆ ಇದನ್ನು ಹೊತ್ತಿಸಿದಾಗ ಅರವತ್ತು ಮೈಲಿಗಳಿಗೂ ಆಚೆಯ ಇನ್ನೊಂದು ಬೆಟ್ಟದಿಂದ ಬೆಳಕು ಕಾಣಿಸಿತು. ನಾಟಕಶಾಲೆಗಳೂ ಮಾಯಾದೀಪಗಳೂ ಇದನ್ನು ತಡಮಾಡದೆ ಹಿಡಿದುಕೊಂಡವು. ೧೮೩೮ರಲ್ಲಿ ಲಂಡನ್ನಿನ ರೀಜೆಂಟ್ ಬೀದಿಯಲ್ಲಿ ತೆರೆದ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಕೂಲಿಕಾರನೂ ಗುಮಾಸ್ತನೂ ಕಾಸು ಕೊಟ್ಟು ಒಳಗೆ ಹೋಗಿ, ತಾವು ದಿನವೂ ಕುಡಿಯುತ್ತಿದ್ದ ನೀರಿನ ಒಂದು ಹನಿಯಲ್ಲಿ ಹರಿದಾಡುವ ಜೀವಿಗಳನ್ನು ಭಾರೀ ಪರದೆಯ ಮೇಲೆ ನೋಡಿ ಬೆರಗಾದರು. ಎರಡು ದೀಪಗಳನ್ನು ಜೊತೆಯಾಗಿ ನಿಲ್ಲಿಸಿ, ಒಂದರ ಬೆಳಕನ್ನು ತಗ್ಗಿಸುತ್ತಾ ಇನ್ನೊಂದನ್ನು ಏರಿಸಿ, ಬೇಸಗೆಯ ಹೊಲವನ್ನು ಹಿಮದ ಹೊಲವಾಗಿ ಕರಗಿಸುವ ಚಮತ್ಕಾರವೂ ಆ ಕಾಲದ್ದೇ. ಸಿನೆಮಾದಲ್ಲಿ ಒಂದು ದೃಶ್ಯ ಇನ್ನೊಂದರಲ್ಲಿ ಕರಗುವುದನ್ನು ಕಂಡಾಗ ಅದು ಹಳೆಯ ಮಾಯಾದೀಪದ ಆಸ್ತಿಯೆಂದು ತಿಳಿಯಬಹುದು.

ಆದರೆ ದೀಪದ ಹಿಂದೆ ನಿಂತವನ ಪಾಡೇನು? ಅನಿಲಗಳನ್ನು ದೊಡ್ಡ ರಬ್ಬರು ಬಟ್ಟೆಯ ಚೀಲಗಳಲ್ಲಿ ತುಂಬಿ, ಎರಡು ಹಲಗೆಗಳ ನಡುವೆ ಇಟ್ಟು, ಮೇಲೆ ಭಾರ ಹೇರುತ್ತಿದ್ದರು. ಆ ಒತ್ತಡಕ್ಕೆ ಅನಿಲ ಕೊಳವೆಯಲ್ಲಿ ಹರಿದು ಬರಬೇಕು. ಆಮ್ಲಜನಕವನ್ನು ಅಂಗಡಿಯಿಂದ ತರುವಂತಿರಲಿಲ್ಲ. ರಾಸಾಯನಿಕಗಳನ್ನು ಕಾಸಿ ತಾನೇ ತಯಾರಿಸಿಕೊಳ್ಳಬೇಕಾಗಿತ್ತು. ಒಂದು ಚೀಲದ ಭಾರ ಜಾರಿತೋ, ಒತ್ತಡ ಏರುಪೇರಾಗಿ ಒಂದು ಅನಿಲ ಇನ್ನೊಂದರ ಚೀಲದೊಳಕ್ಕೆ ನುಗ್ಗಿ ಸಿಡಿಯುವ ಸಂಭವ. ಸುಣ್ಣದ ಉರುಳೆಯಲ್ಲಿ ಜ್ವಾಲೆ ಗುಳಿ ಕೊರೆಯುವುದರಿಂದ ಗಳಿಗೆಗೊಮ್ಮೆ ಅದನ್ನು ತಿರುಗಿಸುತ್ತಲೂ ಇರಬೇಕು. ಹಾಲು ಉಕ್ಕದಂತೆ, ದೋಸೆ ಸೀಯದಂತೆ ಏಕಕಾಲಕ್ಕೆ ನಾಲ್ಕು ಒಲೆಗಳ ಮೇಲೆ ಕಣ್ಣಿಟ್ಟ ನಮ್ಮ ಭಟ್ಟರಿಗೆ ಈ ಏಕಾಗ್ರತೆ ಎಂಥದೆಂದು ವಿವರಿಸಬೇಕಾದ್ದಿಲ್ಲ. ಹೊರಗೆ ಉಪನ್ಯಾಸಕನಿಗೆ ಚಪ್ಪಾಳೆ, ಒಳಗೆ ಇವನಿಗೆ ಬೆವರು.

ಇಂಥವರಲ್ಲಿ ಒಬ್ಬನ ಹೆಸರಾದರೂ ಉಳಿದಿದೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆಗೆ ಸಹಾಯಕನಾಗಿದ್ದ ಚಾರ್ಲ್ಸ್ ಆಂಡರ್ಸನ್, ಸೈನ್ಯದಿಂದ ನಿವೃತ್ತನಾದ ಸಾರ್ಜೆಂಟ್. ಮಸೂರಗಳಿಗೆ ಬೇಕಾದ ನಿರ್ಮಲವಾದ ಗಾಜನ್ನು ಕರಗಿಸುವ ಕುಲುಮೆಯನ್ನು ನೋಡಿಕೊಳ್ಳಲು ಅವನನ್ನು ೧೮೨೭ರಲ್ಲಿ ನೇಮಿಸಿಕೊಂಡಿದ್ದರು. ಒಂದು ಸಂಜೆ, ಇನ್ನು ಸಾಕು ಮನೆಗೆ ಹೋಗು ಎಂದು ಹೇಳಲು ಫ್ಯಾರಡೆ ಮರೆತನಂತೆ. ಬೆಳಗ್ಗೆ ಬಂದು ನೋಡಿದರೆ ಆಂಡರ್ಸನ್ ರಾತ್ರಿಯಿಡೀ ಕುಲುಮೆಗೆ ಉರಿ ಹಾಕುತ್ತಾ ನಿಂತೇ ಇದ್ದನಂತೆ. ಈ ಕಥೆಯನ್ನು ಹೇಳುವವರೆಲ್ಲ ಆಂಡರ್ಸನ್ನನ ವಿಧೇಯತೆಯನ್ನು ಹೊಗಳುತ್ತಾರೆ. ಯಜಮಾನನಾಗಿ ಹೊಟೇಲು ನಡೆಸಿದ ನಮಗೆ ಫ್ಯಾರಡೆಯ ಮರೆವೇ ಹೆಚ್ಚಾಗಿ ಚುಚ್ಚುತ್ತದೆ. ಅದೇ ಸಂಸ್ಥೆಯ ಜಾನ್ ಟಿಂಡಾಲ್ ೧೮೭೨-೭೩ರಲ್ಲಿ ಅಮೆರಿಕದಲ್ಲಿ ಬೆಳಕಿನ ಬಗೆಗೆ ಉಪನ್ಯಾಸಗಳನ್ನಿತ್ತಾಗ ಸುಣ್ಣದ ಸ್ಥಾನಕ್ಕೆ ವಿದ್ಯುತ್ತು ಬಂದಿತ್ತು. ಎರಡು ಇದ್ದಿಲಿನ ಕಡ್ಡಿಗಳ ತುದಿಗಳ ನಡುವೆ ಹಾರುವ ವಿದ್ಯುಜ್ಜ್ವಾಲೆಯಿಂದ ಕಾಮನಬಿಲ್ಲಿನ ಬಣ್ಣಗಳನ್ನು ಸಾವಿರಾರು ಜನರಿಗೆ ತೋರಿಸಿ, ಬಂದ ಲಾಭವನ್ನೆಲ್ಲ ಆ ದೇಶದ ವಿಜ್ಞಾನ ವಿದ್ಯಾರ್ಥಿಗಳಿಗೇ ಕೊಟ್ಟು ಅವನು ಹಿಂದಿರುಗಿದ.

ನಮ್ಮ ದೇಶಕ್ಕೂ ಈ ಗಾಳಿ ಬೀಸಿತು. ಡಾಕ್ಟರ್ ಮಹೇಂದ್ರಲಾಲ್ ಸರ್ಕಾರರು ೧೮೭೬ರಲ್ಲಿ ಕಲಕತ್ತೆಯಲ್ಲಿ ಸ್ಥಾಪಿಸಿದ ವಿಜ್ಞಾನ ಸಂಘದಲ್ಲಿ ಬೆಲ್ಜಿಯಮಿನ ಪಾದ್ರಿ ಯೂಜೀನ್ ಲಾಫಾಂಟರು ಸಾರ್ವಜನಿಕರಿಗೆ ಪ್ರಯೋಗಸಹಿತವಾದ ಉಪನ್ಯಾಸಗಳನ್ನು ಕೊಡುತ್ತಿದ್ದರು. ಅದೇ ಸಂಘದ ಕಟ್ಟಡದಲ್ಲಿ ಸರ್ಕಾರೀ ಲೆಕ್ಕಪತ್ರ ಇಲಾಖೆಯ ಯುವಕನೊಬ್ಬ ೧೯೦೭ರಿಂದ ಕಚೇರಿ ಬಿಟ್ಟ ಮೇಲೆ ಸಂಜೆಯ ಹೊತ್ತು ಬೆಳಕಿನ ಮೇಲೆಯೂ ಪ್ರಯೋಗ ಮಾಡತೊಡಗಿದ. ಅವರೇ ೧೯೩೩ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಸಿ. ವಿ. ರಾಮನ್ ಎಂಬುದನ್ನು ನಮ್ಮ ಗುಮಾಸ್ತ ಮಿತ್ರರು ನೆನೆಯಬಹುದು.

ಈಗ ಪ್ಯಾರಿಸ್ ನಗರಕ್ಕೆ ಹಿಂದಿರುಗೋಣ, ಏಕೆಂದರೆ ಪಂಡಿತನ ದೀಪವು ಆಟಗಾರನ ಕೈಗೆ ದಾಟಿದ ಜಾಗ ಅದೇ. ಅಲ್ಲಿ ಮ್ವಾನ್ಯೋ ಎಂಬ ಪಾದ್ರಿಯೊಬ್ಬ ವಿಜ್ಞಾನವನ್ನು ದೀಪದ ಚಿತ್ರಗಳ ಮೂಲಕವೇ ಜನಕ್ಕೆ ಕಲಿಸಬೇಕೆಂದು ಹಟ ಹಿಡಿದಿದ್ದ. ೧೮೬೪ರಲ್ಲಿ ಅವನಿಗೆ ಸಹಾಯಕನಾಗಿ ಬಂದವನು ಎಮಿಲ್ ರೆಯ್ನೋ ಎಂಬ ಇಪ್ಪತ್ತು ವರ್ಷದ ತರುಣ. ತಾಯಿಯಿಂದ ಚಿತ್ರ ಬರೆಯುವುದನ್ನೂ, ಕಾರ್ಖಾನೆಯಲ್ಲಿ ಸೂಕ್ಷ್ಮ ಯಂತ್ರಗಳ ಕೆಲಸವನ್ನೂ ಕಲಿತಿದ್ದವನು. ಪಾದ್ರಿ ಮುಂದೆ ನಿಂತು ಮಾತನಾಡುವಾಗ ಹಿಂದೆ ದೀಪ ಹಿಡಿದು ನಿಂತ ಈ ಹುಡುಗನ ತಲೆಯಲ್ಲಿ, ಈ ಚಿತ್ರಗಳು ಚಲಿಸಿದರೆ ಹೇಗೆ ಎಂಬ ಹುಳು ಹೊಕ್ಕಿತು. ತಿರುಗುವ ಚಕ್ರದ ಮೇಲೆ ಚಲನೆಯ ಹಂತಗಳನ್ನು ಬರೆದು ಕಿಂಡಿಯಿಂದ ನೋಡುವ ಆಟಿಕೆ ೧೮೩೦ರ ದಶಕದಿಂದಲೇ ಇತ್ತು. ರೆಯ್ನೋ ೧೮೭೭ರಲ್ಲಿ ಕಿಂಡಿಗಳನ್ನು ತೆಗೆದುಹಾಕಿ ನಡುವೆ ಕನ್ನಡಿಗಳ ಗೋಪುರವನ್ನು ನಿಲ್ಲಿಸಿದ. ಬೆಳಕು ನಷ್ಟವಾಗದೆ ಚಿತ್ರ ಹೊಳೆಯಿತು. ಆಮೇಲೆ ಅದಕ್ಕೆ ಮಾಯಾದೀಪವನ್ನು ಜೋಡಿಸಿ ಪರದೆಯ ಮೇಲೆ ಬೀಳಿಸಿದ. ಕಡೆಗೆ ಚಿತ್ರಗಳನ್ನು ಚಕ್ರದಿಂದ ಬಿಡಿಸಿ, ಅಂಚಿಲ್ಲದ ಉದ್ದನೆಯ ಪಟ್ಟಿಯ ಮೇಲೆ ಇಟ್ಟು, ಪಟ್ಟಿಗೆ ರಂಧ್ರಗಳನ್ನು ಕೊರೆದು, ಅದನ್ನು ಕೈಯಿಂದ ಸುತ್ತುವ ಯಂತ್ರವನ್ನು ರಚಿಸಿ ೧೮೮೮ರಲ್ಲಿ ಹಕ್ಕುಪತ್ರ ಪಡೆದ.

೧೮೯೨ರ ಅಕ್ಟೋಬರ್ ೨೮ರಂದು ಪ್ಯಾರಿಸ್ಸಿನ ಗ್ರೆವೆಂ ಮೇಣದ ಪ್ರತಿಮೆಗಳ ಸಂಗ್ರಹಾಲಯದಲ್ಲಿ ಅವನ ‘ದೃಶ್ಯ ರಂಗಮಂದಿರ’ ತೆರೆಯಿತು. ಒಂದು ದೀಪ ಹಿನ್ನೆಲೆಯ ಮನೆ ತೋಟಗಳನ್ನು ತೋರಿಸಿದರೆ, ಇನ್ನೊಂದು ಅದರ ಮೇಲೆ ಚಲಿಸುವ ಆಳುಗಳನ್ನು ಬೀಳಿಸುತ್ತಿತ್ತು. ‘ಪಾಪದ ಪಿಯರೋ’ ಎಂಬ ಆಟಕ್ಕೆ ೫೦೦ ಚಿತ್ರಗಳು. ಒಂದೊಂದನ್ನೂ ರೆಯ್ನೋ ತನ್ನ ಕೈಯಿಂದಲೇ ಬರೆದು ಬಣ್ಣ ತುಂಬಿದ್ದ. ಪಟ್ಟಿಯನ್ನು ಮುಂದಕ್ಕೂ ಹಿಂದಕ್ಕೂ ಸುತ್ತಿ, ನಗು ಬಂದಲ್ಲಿ ತಡೆದು, ಹತ್ತು ಹದಿನೈದು ನಿಮಿಷಗಳ ಕಥೆಯನ್ನಾಗಿ ಎಳೆಯುತ್ತಿದ್ದವನೂ ಅವನೇ.

ಅವನು ಸಹಿ ಹಾಕಿದ ಕರಾರನ್ನು ವಾಚಕರು ಸ್ವಲ್ಪ ಗಮನಿಸಬೇಕು. ತಿಂಗಳಿಗೆ ೫೦೦ ಫ್ರಾಂಕು, ಟಿಕೇಟಿನ ಉತ್ಪನ್ನದಲ್ಲಿ ನೂರಕ್ಕೆ ಹತ್ತು. ಪ್ರತಿಯಾಗಿ ದಿನಕ್ಕೆ ಐದು ಆಟ. ಭಾನುವಾರ ಮತ್ತು ಹಬ್ಬಗಳಂದು ಹನ್ನೆರಡು. ಈ ಆಟವನ್ನು ಬೇರೆಲ್ಲಿಯೂ ತೋರಿಸುವಂತಿಲ್ಲ. ಸವೆದು ಹರಿದ ಪಟ್ಟಿಗಳನ್ನು ಸರಿಪಡಿಸುವ ಹೊಣೆಯೂ ಅವನದೇ. ೧೯೦೦ರ ತನಕ ೧೨,೦೦೦ಕ್ಕೂ ಹೆಚ್ಚು ಆಟಗಳನ್ನು ಅವನು ತೋರಿಸಿದ, ಸುಮಾರು ಐದು ಲಕ್ಷ ಜನ ನೋಡಿದರು. ಹಬ್ಬದ ದಿನ ಲೋಕಕ್ಕೆಲ್ಲ ರಜೆ, ಬಡಿಸುವವನಿಗೆ ಮಾತ್ರ ಇಮ್ಮಡಿ ಕೆಲಸ ಎಂಬ ನಿಯಮ ಪ್ಯಾರಿಸ್ಸಿನಲ್ಲಿಯೂ ಹಾಗೆಯೇ ಇತ್ತೆಂದು ಕಾಣುತ್ತದೆ.

ಅಷ್ಟರಲ್ಲಿ, ೧೮೯೫ರ ಡಿಸೆಂಬರ್ ೨೮ರಂದು, ಅದೇ ಪಟ್ಟಣದ ಒಂದು ಕಾಫಿಗೃಹದ ನೆಲಮಾಳಿಗೆಯಲ್ಲಿ ಲೂಮಿಯೇರ್ ಸಹೋದರರು ಫೋಟೋಗ್ರಾಫಿನ ಪಟ್ಟಿಯನ್ನು ಓಡಿಸಿ ತೋರಿಸಿದರು. ಪ್ರವೇಶ ಒಂದು ಫ್ರಾಂಕು. ಮೊದಲ ದಿನ ಹಣ ಕೊಟ್ಟು ಬಂದವರು ಕೇವಲ ೩೩ ಮಂದಿ. ಅವರ ಯಂತ್ರದಲ್ಲಿ ಪಟ್ಟಿಯನ್ನು ತಡೆತಡೆದು ಎಳೆಯುವ ಕೊಕ್ಕೆ ಹೊಸದು. ಒಂದೇ ಪೆಟ್ಟಿಗೆ ಚಿತ್ರ ಹಿಡಿಯಲಿಕ್ಕೂ ತೋರಿಸಲಿಕ್ಕೂ ಒದಗುತ್ತಿದ್ದುದೂ ಹೊಸದು. ಆದರೆ ಅದರ ಬೆನ್ನ ಹಿಂದೆ ನಿಲ್ಲಿಸಿದ್ದು ಹಳೆಯ ಮಾಯಾದೀಪದ ದೀಪದ ಪೆಟ್ಟಿಗೆಯನ್ನೇ. ದೀಪಕ್ಕೂ ಪಟ್ಟಿಗೂ ನಡುವೆ ನೀರು ತುಂಬಿದ ಗಾಜಿನ ಬುರುಡೆಯನ್ನಿಟ್ಟಿದ್ದರು. ಅದು ಮಸೂರದಂತೆ ಬೆಳಕನ್ನು ಕೂಡಿಸುತ್ತಿತ್ತು, ಜೊತೆಗೆ ಬಿಸಿಯನ್ನು ಹೀರಿಕೊಳ್ಳುತ್ತಿತ್ತು. ಬುರುಡೆ ಒಡೆದರೆ ಬೆಳಕೇ ಒಂದೆಡೆ ಸೇರದು, ಪಟ್ಟಿಯೂ ಸುಡದು. ಈ ಎಚ್ಚರಿಕೆ ಏಕೆಂದರೆ ಆ ಪಟ್ಟಿ ಸೆಲ್ಯುಲಾಯಿಡಿನದು, ಸಿಡಿಹತ್ತಿಯ ಬಳಗಕ್ಕೆ ಸೇರಿದ್ದು. ಒಮ್ಮೆ ಹೊತ್ತಿತೆಂದರೆ ನೀರಿನೊಳಗೆ ಮುಳುಗಿಸಿದರೂ ಆರುವುದಿಲ್ಲ.

ಎಲ್ಲರಲ್ಲಿಯೂ ಈ ಎಚ್ಚರಿಕೆ ಇರಲಿಲ್ಲ. ೧೮೯೭ರ ಮೇ ೪ರಂದು ಪ್ಯಾರಿಸ್ಸಿನ ಜಾನ್ ಗೂಜೋ ಬೀದಿಯಲ್ಲಿ ಶ್ರೀಮಂತ ಮನೆತನದ ಸ್ತ್ರೀಯರು ಬಡವರ ಸಹಾಯಾರ್ಥವಾಗಿ ಧರ್ಮದ ಸಂತೆಯನ್ನು ನಡೆಸುತ್ತಿದ್ದರು. ಮರದ ದೊಡ್ಡ ಚಪ್ಪರ. ಒಳಗೆ ಬಣ್ಣದ ಬಟ್ಟೆ ಮತ್ತು ರಟ್ಟಿನಿಂದ ಕಟ್ಟಿದ ಪುರಾತನ ಕಾಲದ ಬೀದಿ. ಜನರನ್ನು ಆಕರ್ಷಿಸಲು ಚಲಚ್ಚಿತ್ರದ ಆಟವೂ ಉಂಟು. ಯಂತ್ರಕ್ಕೆ ಕೊಟ್ಟದ್ದು ಇಕ್ಕಟ್ಟಾದ ಒಂದು ಮೂಲೆ. ದೀಪ ಉರಿಯುತ್ತಿದ್ದುದು ಈಥರ್ ಎಂಬ ದ್ರವದ ಆವಿಯಿಂದ. ಅದು ಸೀಮೆಯೆಣ್ಣೆಗಿಂತಲೂ ಎಷ್ಟೋ ಬೇಗ ಹೊತ್ತಿಕೊಳ್ಳುವಂಥದು. ಮಧ್ಯಾಹ್ನ ನಾಲ್ಕರ ಮೇಲೆ ದೀಪ ಬತ್ತಿತು. ಕತ್ತಲಲ್ಲಿ ಈಥರನ್ನು ಮತ್ತೆ ತುಂಬುವಾಗ ಬೆಳಕಿಗೆಂದು ಕಡ್ಡಿ ಗೀರಿದರು. ಕೆಲವೇ ನಿಮಿಷಗಳಲ್ಲಿ ಚಪ್ಪರವೆಲ್ಲ ಬೆಂಕಿ. ಸುಮಾರು ೧೨೬ ಜನ ಪ್ರಾಣ ಬಿಟ್ಟರು, ಅವರಲ್ಲಿ ಬಹುಪಾಲು ಹೆಂಗಸರು. ಆಸ್ಟ್ರಿಯಾದ ಚಕ್ರವರ್ತಿನಿಯ ತಂಗಿಯೂ ಅವರಲ್ಲೊಬ್ಬಳು.

ಚಪ್ಪರದ ಹಿಂಭಾಗದ ಬಯಲಿಗೆ ಪಕ್ಕದ ಹೊಟೇಲೊಂದರ ಅಡಿಗೆಮನೆಯ ಕಿಟಕಿ ತೆರೆದಿತ್ತು, ಕಬ್ಬಿಣದ ಸರಳುಗಳು ಅಡ್ಡ. ಹೊಗೆಯಲ್ಲಿ ಉಸಿರುಕಟ್ಟಿದ ಜನ ಆ ಸರಳುಗಳಿಗೆ ಬಂದು ಮುತ್ತಿದರು. ಒಳಗಿದ್ದ ಅಡಿಗೆಯವನು ಗೋಮೇರಿ ಮತ್ತು ಅವನ ಜೊತೆಯವರು ಸರಳುಗಳನ್ನು ಮುರಿದು, ಒಬ್ಬೊಬ್ಬರನ್ನಾಗಿ ಕಿಟಕಿಯೊಳಗಿಂದ ಅಡಿಗೆಮನೆಗೆ ಎಳೆದುಕೊಂಡರು. ನೂರಕ್ಕೂ ಹೆಚ್ಚು ಜನ ಹೀಗೆ ಬದುಕಿದರು. ಈ ಸಂಗತಿಯನ್ನು ಓದಿದಂದಿನಿಂದ ಸಿನೆಮಾದ ಇತಿಹಾಸದಲ್ಲಿ ನಮಗೆ ಎಲ್ಲಕ್ಕೂ ಮೊದಲು ನೆನಪಿಗೆ ಬರುವ ಹೆಸರು ಈ ಅಡಿಗೆಯವನದೇ ಆಗಿದೆ. ಮುಂದೆ ನ್ಯಾಯಾಲಯದಲ್ಲಿ ಸಂತೆಯ ಮುಖ್ಯಸ್ಥನಾದ ಶ್ರೀಮಂತನಿಗೆ ೫೦೦ ಫ್ರಾಂಕು ದಂಡ. ದೀಪದ ಬಳಿಯಿದ್ದ ಇಬ್ಬರು ಕೆಲಸಗಾರರಿಗೆ ಸೆರೆಮನೆಯ ಶಿಕ್ಷೆ. ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟರೆಂಬುದು ನಿಜ. ಇಕ್ಕಟ್ಟಿನ ಮೂಲೆಯನ್ನು ಗೊತ್ತುಮಾಡಿದವರು ಯಾರು, ಅದರಲ್ಲಿ ನಿಂತು 0ದುಡಿದವರು ಯಾರು ಎಂಬುದನ್ನು ವಾಚಕರೇ ತೂಗಿ ನೋಡಲಿ.

ಇಂಥ ಅನಾಹುತಗಳ ತರುವಾಯವೇ ಸರಕಾರಗಳ ಕಣ್ಣು ತೆರೆಯಿತು. ೧೯೦೯ರಲ್ಲಿ ಬ್ರಿಟನ್ನಿನಲ್ಲಿ ಬಂದ ಕಾನೂನಿನ ಮೇರೆಗೆ ಚಲಚ್ಚಿತ್ರದ ಯಂತ್ರವನ್ನು ಬೆಂಕಿ ತಗಲದ ಪ್ರತ್ಯೇಕವಾದ ಆವರಣದಲ್ಲಿ ಇಡುವುದು ಕಡ್ಡಾಯವಾಯಿತು. ಹಿಂದುಸ್ಥಾನಕ್ಕೆ ೧೯೧೮ರಲ್ಲಿ ಇಂಥದೇ ಕಾನೂನು ಬಂದಿತು. ಹಿಂಬದಿಯ ಗೋಡೆ ಎದ್ದದ್ದು ಹೀಗೆ, ಅದರಲ್ಲಿ ಕಿಂಡಿ ಕೊರೆದದ್ದು ಹೀಗೆ. ಬೆಂಕಿಯಿಂದ ಸಭೆಯನ್ನು ಕಾಪಾಡಲು ಕಟ್ಟಿದ ಗೋಡೆಯೊಳಗೆ ಯಂತ್ರದೊಡನೆ ಆಪರೇಟರನೂ ಉಳಿದುಕೊಂಡ. ಸುಲಭವಾಗಿ ಹೊತ್ತದ ಪಟ್ಟಿ ಎಲ್ಲೆಡೆ ಬಳಕೆಗೆ ಬಂದುದು ೧೯೫೦ರ ದಶಕದಲ್ಲಿ. ಈಗಂತೂ ಬಹುಪಾಲು ಮಂದಿರಗಳಲ್ಲಿ ಪಟ್ಟಿಯೇ ಇಲ್ಲ, ಡಿಜಿಟಲ್ ಯಂತ್ರ ಬಂದಿದೆ. ಆದರೂ ಕಿಂಡಿ ಹೋಗಲಿಲ್ಲ.

ಇನ್ನು ಮುಂಬಯಿಯ ಕಡೆಗೆ ಬರೋಣ. ಸಿನೆಮಾ ಬರುವುದಕ್ಕೆ ಮುಂಚೆಯೇ, ೧೮೯೦ರ ದಶಕದಲ್ಲಿ, ಕಲ್ಯಾಣದ ಮಹಾದೇವ ಗೋಪಾಳ ಪಟವರ್ಧನರು ಮಕ್ಕಳೊಡನೆ ಕೂಡಿ ಗಾಜಿನ ಮೇಲೆ ರಾಮಾಯಣದ ಕಥೆಗಳನ್ನು ಬಣ್ಣದಲ್ಲಿ ಬರೆದು, ‘ಶಾಂಬರಿಕ ಖರೋಲಿಕಾ’ ಎಂಬ ಹೆಸರಿನಿಂದ ಮಾಯಾದೀಪದ ಆಟಗಳನ್ನು ತೋರಿಸುತ್ತಿದ್ದರು. ಹೆಸರು ಬಾಯಿಗೆ ತೊಡಕು, ಆಟ ಮಾತ್ರ ಕಣ್ಣಿಗೆ ಸೊಗಸು. ಆಮೇಲೆ, ೧೮೯೬ರ ಜುಲೈ ೭ರಂದು, ಎಸ್ಪ್ಲನೇಡಿನ ವಾಟ್ಸನ್ ಹೊಟೇಲಿನಲ್ಲಿ ಲೂಮಿಯೇರರ ಪ್ರತಿನಿಧಿ ಮಾರಿಯುಸ್ ಸೆಸ್ತಿಯೇ ಆರು ಚಿತ್ರಗಳನ್ನು ತೋರಿಸಿದ. ಪ್ರವೇಶ ಒಂದು ರೂಪಾಯಿ. ಅಂದಿನ ಒಂದು ರೂಪಾಯಿ ಎಂದರೆ ನಮ್ಮವರು ಹತ್ತಿರ ಸುಳಿಯುವ ಮಾತಲ್ಲ. ಒಂದು ವಾರದ ಮೇಲೆ ಆಟ ನಾವೆಲ್ಟಿ ನಾಟಕಶಾಲೆಗೆ ಸಾಗಿತು; ಅಲ್ಲಿ ನಾಲ್ಕಾಣೆಯ ತರಗತಿಯೂ ತೆರೆಯಿತು. ವಾಟ್ಸನ್ ಹೊಟೇಲಿನ ಆ ಕಬ್ಬಿಣದ ಕಟ್ಟಡ ಕಾಲಾಘೋಡಾದ ಬಳಿ ಎಸ್ಪ್ಲನೇಡ್ ಮ್ಯಾನ್ಶನ್ ಎಂಬ ಹೆಸರಿನಿಂದ ಬಹುಕಾಲ ವಾಸಕ್ಕೂ ಕಚೇರಿಗಳಿಗೂ ಒದಗಿ, ತೀರ ಜೀರ್ಣವಾದುದರಿಂದ ೨೦೧೯ರಲ್ಲಿ ತೆರವಾಯಿತು.

ಅದೇ ಮುಂಬಯಿಯ ಗಿರ್‌ಗಾಂವಿನಲ್ಲಿ ೧೯೧೧ರಲ್ಲಿ ಕ್ರಿಸ್ತನ ಚರಿತ್ರೆಯ ಚಿತ್ರವನ್ನು ನೋಡಿ, ಹೀಗೆಯೇ ನಮ್ಮ ರಾಮಕೃಷ್ಣರನ್ನೂ ಪರದೆಯ ಮೇಲೆ ತರಬೇಕೆಂದು ಹೊರಟವರು ದಾದಾಸಾಹೇಬ ಫಾಳ್ಕೆಯವರು. ಸಾಲ ಕೊಡುವವನಿಗೆ ನಂಬಿಕೆ ಬರಲೆಂದು ಅವರು ಮೊದಲು ತೆಗೆದದ್ದು ದೇವರ ಕಥೆಯಲ್ಲ. ಕುಂಡದಲ್ಲಿ ಬಿತ್ತಿದ ಬಟಾಣಿಯ ಗಿಡ. ದಿನವೂ ಕೊಂಚ ಕೊಂಚವೇ ಅದರ ಚಿತ್ರ ಹಿಡಿದು, ಎಲ್ಲವನ್ನೂ ಕೂಡಿಸಿ ಓಡಿಸಿದಾಗ ತಿಂಗಳ ಬೆಳವಣಿಗೆ ಗಳಿಗೆಯಲ್ಲಿ ಕಣ್ಣೆದುರು ಬಿಚ್ಚಿಕೊಂಡಿತು. ಪಂಡಿತನ ದೀಪವೂ ಆಟಗಾರನ ದೀಪವೂ ಈ ಬಟಾಣಿಯ ಗಿಡದಲ್ಲಿ ಇನ್ನೊಮ್ಮೆ ಕೂಡಿದವೆನ್ನಬೇಕು.

ಹಣ ದೊರೆಯಿತು, ತಾರಾಮತಿ ದೊರೆಯಲಿಲ್ಲ. ಮರ್ಯಾದಸ್ಥರಿರಲಿ, ಇತರ ಹೆಂಗಸರೂ ಕ್ಯಾಮೆರಾದ ಮುಂದೆ ನಿಲ್ಲಲೊಪ್ಪದ ಕಾಲ. ಕಡೆಗೆ ಫಾಳ್ಕೆಯವರ ಕಣ್ಣಿಗೆ ಬಿದ್ದವನು ಗ್ರಾಂಟ್ ರೋಡಿನ ಉಪಾಹಾರಗೃಹವೊಂದರಲ್ಲಿ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ಎಂಬ ತರುಣ. ಮೈಕಟ್ಟು ಸಪೂರ, ಕೈಗಳು ನಾಜೂಕು. ಅಲ್ಲಿ ಅವನಿಗೆ ತಿಂಗಳಿಗೆ ಹತ್ತು ರೂಪಾಯಿ ಸಂಬಳ, ಫಾಳ್ಕೆಯವರು ಹದಿನೈದು ಕೊಡುವೆನೆಂದರು. ೧೯೧೩ರ ಮೇ ೩ರಂದು ಗಿರ್‌ಗಾಂವಿನ ಕಾರೊನೇಷನ್ ಮಂದಿರದಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆ ಕಂಡಾಗ ಪರದೆಯ ಮೇಲೆ ರಾಣಿಯಾಗಿ ಕಣ್ಣೀರಿಟ್ಟವನು ಇವನೇ. ೧೯೧೭ರ ‘ಲಂಕಾದಹನ’ದಲ್ಲಿ ರಾಮನೂ ಅವನೇ, ಸೀತೆಯೂ ಅವನೇ.

ಅತ್ತ ಪ್ಯಾರಿಸ್ಸಿನಲ್ಲಿ ರೆಯ್ನೋನ ಕೈಬರಹದ ಚಿತ್ರಗಳನ್ನು ಕೇಳುವವರಿರಲಿಲ್ಲ. ಫೋಟೋಗ್ರಾಫಿನ ಪಟ್ಟಿಯೊಡನೆ ಅವನ ಕೈ ಸ್ಪರ್ಧಿಸಲಾರದೆ ಹೋಯಿತು. ೧೯೦೦ರಲ್ಲಿ ಆಟ ನಿಂತಿತು. ಕೊನೆಯ ವರ್ಷಗಳಲ್ಲಿ ಅವನು ತನ್ನ ಯಂತ್ರವನ್ನು ತಾನೇ ಒಡೆದು, ಚಿತ್ರದ ಪಟ್ಟಿಗಳಲ್ಲಿ ಹೆಚ್ಚಿನವನ್ನು ಸೇನ್ ನದಿಗೆ ಎಸೆದುಬಿಟ್ಟ. ೧೯೧೮ರ ಜನವರಿಯಲ್ಲಿ ಒಂದು ಅನಾಥ ರೋಗಿಗಳ ಆಶ್ರಯದಲ್ಲಿ ತೀರಿಕೊಂಡ. ಅವನ ಆಟಗಳಲ್ಲಿ ಇಂದಿಗೆ ಉಳಿದಿರುವುದು ಎರಡು ಮಾತ್ರ. ಪಾಪದ ಪಿಯರೋ ಅವುಗಳಲ್ಲಿ ಒಂದು.

ಸಾಳುಂಕೆ ಮಾತ್ರ ಮತ್ತೆ ಉಪಾಹಾರಗೃಹಕ್ಕೆ ಹಿಂದಿರುಗಲಿಲ್ಲ. ಹತ್ತಾರು ಚಿತ್ರಗಳಲ್ಲಿ ವೇಷ ಹಾಕಿ, ಮುಂದೆ ತಾನೇ ಕ್ಯಾಮೆರಾದ ಹಿಂದೆ ನಿಂತು ಚಿತ್ರ ಹಿಡಿಯುವವನೂ ಆದ.